ಗಂಜಿ ಕುದಿಯುವಷ್ಟು ಹೊತ್ತು

ಕಾಪು ಪಡುವಿನಲ್ಲಿ, ಲೈಟ್‌ಹೌಸಿಗೆ ಹೋಗುವ ದಾರಿಯ ಎಡಗಡೆ, ವಾರಿಜಾಳ ಮನೆಯ ಅಡಿಗೆಕೋಣೆಯ ಗೋಡೆಯಲ್ಲಿ ಮೂವತ್ತೆಂಟು ಸುಣ್ಣದ ಬೊಟ್ಟುಗಳಿವೆ. ಒಲೆಯ ಹೊಗೆ ಹಿಡಿದು ಕರ್ರಗಾದ ಗೋಡೆ ಅದು. ಎದೆಯ ಎತ್ತರದಲ್ಲಿ ಶುರುವಾಗುವ ಬೊಟ್ಟುಗಳು ಇರುವೆ ಸಾಲಿನಂತೆ ಸೊಟ್ಟಗೆ ಮೇಲೇರಿ, ಉಪ್ಪಿನಕಾಯಿ ಭರಣಿ ಇಡುವ ಹಲಗೆಯ ಹತ್ತಿರ ಹೋಗಿ ನಿಲ್ಲುತ್ತವೆ. ಕೆಲವು ಕಡೆ ಎರಡು ಬೊಟ್ಟುಗಳ ನಡುವೆ ಬೆರಳಿನಷ್ಟೂ ಅಂತರವಿಲ್ಲ. ಒಂದು ಕಡೆ ಮಾತ್ರ ಸಾಲು ತಪ್ಪಿ ಕೆಳಗಿಳಿದು ಮತ್ತೆ ಹತ್ತಿದೆ.

ಎಂಬತ್ತಾರರಲ್ಲಿ ಮಗ ಲೀಲಾಧರ ಮನೆಗೆಲ್ಲ ಬಣ್ಣ ಹೊಡೆಸಿದ. ಹಜಾರಕ್ಕೆ ಹಸಿರು, ಒಳಕೋಣೆಗೆ ಹಳದಿ. ಅಡಿಗೆಕೋಣೆಗೆ ಬಣ್ಣದವರು ಬಂದಾಗ ವಾರಿಜಾ ಬಾಗಿಲಲ್ಲಿ ನಿಂತು, "ಮೂರು ಗೋಡೆ ಹೊಡೆಯಿರಿ. ಇದನ್ನು ಬಿಡಿ," ಎಂದಳು.

"ಎಂತಕ್ಕೆ ಅಮ್ಮ, ಅದೇ ಅಲ್ವಾ ಕಪ್ಪಾಗಿರುವುದು?" ಎಂದ ಲೀಲಾಧರ.

"ಕಪ್ಪಾಗಿಯೇ ಇರಲಿ. ನಿನಗೆ ಮರೆತಿರಬಹುದು, ನಿನ್ನ ಹೆಂಡತಿಗೆ ಮರೆತಿಲ್ಲ, ಕೇಳು."

ಲೀಲಾಧರ ಕೇಳಲಿಲ್ಲ. ಅವನಿಗೂ ಮರೆತಿರಲಿಲ್ಲ. ಗೋಡೆ ಹಾಗೆಯೇ ಉಳಿಯಿತು.

ಆ ಬೊಟ್ಟುಗಳು ವಾರಿಜಾಳ ಬಲಗೈ ಹತ್ತಿದ ಮೆಟ್ಟಿಲುಗಳು. ಅವನ್ನು ಹತ್ತಲು ಅವಳಿಗೆ ಎಪ್ಪತ್ತೆಂಟನೆಯ ಇಸವಿಯ ಒಂದು ಇಡೀ ಮಳೆಗಾಲ ಬೇಕಾಯಿತು.

ವಾರಿಜಾ ಮೀನು ಮಾರುವವಳು. ಗಂಡ ಕೂಸಪ್ಪ ಜ್ವರದಲ್ಲಿ ತೀರಿಕೊಂಡಾಗ ಲೀಲಾಧರನಿಗೆ ಮೂರು ವರ್ಷ. ಕಾರ್ಯ ಮುಗಿದ ಮರುದಿನವೇ ಅವಳು ಬುಟ್ಟಿ ಹಿಡಿದು ಕಾರ್ಕಳದ ಬಸ್ಸು ಹತ್ತಿದ್ದಳು. ಅಳುವುದನ್ನು ಶಿರ್ವ ದಾಟುವಷ್ಟರಲ್ಲಿ ಮುಗಿಸಿ, ಬೆಳ್ಮಣ್ಣಿನಲ್ಲಿ ಇಳಿಯುವ ಮೊದಲು ಮುಖ ಒರೆಸಿಕೊಂಡಿದ್ದಳು. ಅಂದಿನಿಂದ ಬೆಳ್ಮಣ್ಣಿನ ಆಚೆ ಈಚೆಯ ಇಪ್ಪತ್ತೆರಡು ಮನೆಗಳು ಅವಳವು. ಮೀನಿನವರಲ್ಲಿ ಒಬ್ಬಳ ಮನೆಗಳಿಗೆ ಇನ್ನೊಬ್ಬಳು ಕಾಲಿಡುವುದಿಲ್ಲ. ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ಬರೆದದ್ದಕ್ಕಿಂತ ಗಟ್ಟಿ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯ ಅಜ್ಜನಿಗೆ ಮುಳ್ಳಿನ ಮೀನು ಆಗದು, ಯಾವ ಮನೆಯಲ್ಲಿ ಸೋಮವಾರ ಮೀನು ಬೇಯಿಸುವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ನೋಡಿದವರು ಬುಟ್ಟಿ ಹೊರುವುದು ಕಷ್ಟ ಎಂದುಕೊಳ್ಳುತ್ತಾರೆ. ಹೊರುವುದು ಕಷ್ಟವಲ್ಲ, ಎತ್ತುವುದು ಕಷ್ಟ. ಕಡಲ ಕರೆಯ ಮರಳಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ಬುಟ್ಟಿಗೆ ಕೈ ಕೊಡುತ್ತಾರೆ. ಆದರೆ ಪ್ರತಿ ಮನೆಯ ಅಂಗಳದಲ್ಲಿ ಅದನ್ನು ಇಳಿಸಬೇಕು, ಮೀನು ತೋರಿಸಬೇಕು, ಮತ್ತೆ ತಲೆಗೆ ಏರಿಸಬೇಕು. ಮೀನು ತಿನ್ನುವ ಮನೆಯವರೂ ಮೀನಿನ ಬುಟ್ಟಿ ಮುಟ್ಟುವುದಿಲ್ಲ, ಮಿಂದಾಗಿದೆ ಎನ್ನುತ್ತಾರೆ. ಹಾಗಾಗಿ ವಾರಿಜಾ ಕುಕ್ಕರುಗಾಲಲ್ಲಿ ಕುಳಿತು, ಬುಟ್ಟಿಯನ್ನು ತೊಡೆಗೆ ತಂದು, ಅಲ್ಲಿಂದ ಒಂದೇ ಉಸಿರಿಗೆ ಎರಡೂ ಕೈಯಲ್ಲಿ ತಲೆಯ ಸಿಂಬಿಯ ಮೇಲೆ ಇಡುತ್ತಿದ್ದಳು. ದಿನಕ್ಕೆ ಇಪ್ಪತ್ತೆರಡು ಸಲ. ಒಬ್ಬಳೇ ಬುಟ್ಟಿ ಎತ್ತಲಾರದವಳಿಗೆ ಮನೆ ಮನೆ ತಿರುಗುವ ವ್ಯಾಪಾರ ಇಲ್ಲ.

ಎಪ್ಪತ್ತೆಂಟರ ಏಪ್ರಿಲಿನಲ್ಲಿ ಬೆಳ್ಮಣ್ಣಿನಲ್ಲಿ ಬಸ್ಸಿನಿಂದ ಇಳಿಯುವಾಗ ಚಪ್ಪಲಿಯ ಬಾರು ಕಿತ್ತು ಅವಳು ಬಲ ಭುಜದ ಮೇಲೆ ಬಿದ್ದಳು. ಮಣಿಪಾಲದಲ್ಲಿ ಫೋಟೋ ತೆಗೆದು, ತೋಳಿನ ಎಲುಬು ಭುಜದ ಬುಡದಲ್ಲಿ ಬಿರುಕು ಬಿಟ್ಟಿದೆ ಎಂದರು. ಕೈಯನ್ನು ಎದೆಗೆ ಕಟ್ಟಿ ಕಳಿಸಿದರು. ಮೇ ತಿಂಗಳ ಕೊನೆಗೆ ಬಿಚ್ಚಿ, ಎಲುಬು ಕೂಡಿದೆ, ಇನ್ನು ದಿನಾ ವ್ಯಾಯಾಮ ಮಾಡಬೇಕು, ಕೆಳಗಿನ ಕೋಣೆಗೆ ಹೋಗಿ ಕಲಿತುಕೊಳ್ಳಿ ಎಂದು ಡಾಕ್ಟರು ಒಂದು ಚೀಟಿ ಕೊಟ್ಟರು. ವಾರಿಜಾ ಆ ಕೋಣೆಯ ಎದುರಿನ ಉದ್ದ ಬೆಂಚು ನೋಡಿದಳು, ಬಸ್ಸಿನ ಹೊತ್ತು ನೋಡಿದಳು, ಚೀಟಿಯನ್ನು ಎಲೆ ಅಡಿಕೆಯ ಚೀಲಕ್ಕೆ ಹಾಕಿ ಮನೆಗೆ ಬಂದಳು.

ವ್ಯಾಯಾಮ ಎಂದರೆ ಅವಳಿಗೆ ಗೊತ್ತಿದ್ದದ್ದು ಶಾಲೆಯ ಮಕ್ಕಳು ಸಾಲಾಗಿ ನಿಂತು ಮಾಡುವ ಡ್ರಿಲ್ಲು. ಅದು ಕೂತು ಉಣ್ಣುವವರಿಗೆ. ಕತ್ತಲೆ ಇರುವಾಗ ಎದ್ದು ರಾತ್ರಿ ಚಾಪೆ ಹಾಸುವ ತನಕ ಮೈ ಬಗ್ಗಿಸುವವಳಿಗೆ ಎಂತದು ವ್ಯಾಯಾಮ? ಕೈ ಬಿಚ್ಚಿದ ದಿನವೇ ಅವಳು ಹಿಡಿಸೂಡಿ ಹಿಡಿದು ಅಂಗಳ ಗುಡಿಸಿದಳು. ಮೂರು ವಾರ ದುಡಿದು ನೋಡಿದಳು. ಕೈ ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಿತು. ಒಂದು ಬೆಳಿಗ್ಗೆ ರವಿಕೆಯ ತೋಳು ಏರಿಸಲೂ ಆಗದೆ ಸೊಸೆ ಅಮ್ಮಣ್ಣಿಯನ್ನು ಕರೆದಳು. ಎಂಟು ತಿಂಗಳ ಮಗುವನ್ನು ನೆಲದ ಮೇಲೆ ಬಿಟ್ಟು ಬಂದ ಅಮ್ಮಣ್ಣಿ ರವಿಕೆ ತೊಡಿಸಿ, ಕೂದಲು ಬಾಚಿ, ತುರುಬು ಕಟ್ಟಿದಳು. ನಲವತ್ತಾರು ವರ್ಷದ ವಾರಿಜಾ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕುಳಿತಿದ್ದಳು. ಅದೇ ದಿನ ಚೀಟಿ ಹುಡುಕಿಕೊಂಡು ಮಣಿಪಾಲಕ್ಕೆ ಹೋದಳು.

ವ್ಯಾಯಾಮದ ಕೋಣೆಯಲ್ಲಿದ್ದವಳು ಬೆನೆಡಿಕ್ಟಾ ಎಂಬ ಇಪ್ಪತ್ತೈದರ ಹುಡುಗಿ. ಶಂಕರಪುರದವಳು, ಕಾಪುವಿನ ಮೀನಿನವರನ್ನು ಚಿಕ್ಕಂದಿನಿಂದ ಕಂಡವಳು. ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಕರೆಯುವ ಹಾಗೆ ವಾರಿಜಾ ಅವಳನ್ನೂ ಬಾಯಮ್ಮ ಎಂದೇ ಕರೆದಳು.

"ವಾರಿಜಕ್ಕ, ಈ ಚೀಟಿ ಮೇ ತಿಂಗಳದ್ದು. ಇವತ್ತು ಜೂನ್ ಹದಿನೇಳು."

"ಕೆಲಸ ಇತ್ತು ಬಾಯಮ್ಮ."

"ವ್ಯಾಯಾಮ ಎಂತ ಮಾಡಿದ್ರಿ?"

"ದಿನವಿಡೀ ಅದೇ ಅಲ್ವಾ? ಗುಡಿಸುವುದು, ಸೆಗಣಿ ಸಾರಿಸುವುದು, ಮಸಾಲೆ ಅರೆಯುವುದು, ಪಾತ್ರೆ, ಬಟ್ಟೆ. ಈ ಕೈಗೆ ಒಂದು ಗಳಿಗೆ ಬಿಡುವು ಉಂಟಾ ಕೇಳಿ."

"ಹೌದಾ? ಹಾಗಾದ್ರೆ ಗುಡಿಸಿ ತೋರಿಸಿ."

"ಇಲ್ಲಿಯಾ? ಹಿಡಿಸೂಡಿ ಎಲ್ಲುಂಟು?"

"ಉಂಟು ಅಂತ ತಿಳ್ಕೊಳ್ಳಿ."

ವಾರಿಜಾ ನಗುತ್ತಾ ಬಗ್ಗಿ, ಇಲ್ಲದ ಹಿಡಿಸೂಡಿಯಿಂದ ಆಸ್ಪತ್ರೆಯ ನೆಲ ಗುಡಿಸಿದಳು. ಮತ್ತೆ ಅರೆಯುವ ಕಲ್ಲಿನ ಮುಂದೆ ಕುಳಿತಂತೆ ಕುಳಿತು ಅರೆದಳು. ಪಾತ್ರೆ ತಿಕ್ಕಿದಳು. ಬಟ್ಟೆ ಒಗೆದಳು. ಬೆಂಚಿನಲ್ಲಿ ಕುಳಿತಿದ್ದ ಮುದುಕರೊಬ್ಬರು ಊರುಗೋಲು ಮರೆತು ನೋಡುತ್ತಿದ್ದರು.

"ಬಟ್ಟೆ ಒಣಗಲು ಹಾಕುವುದು?"

"ಅದು ಸೊಸೆ."

"ಭರಣಿ ಇಳಿಸುವುದು?"

"ಸೊಸೆ."

"ನೀರು ಸೇದುವುದು?"

"ಎಡಗೈಯಲ್ಲಿ ಸ್ವಲ್ಪ. ಮತ್ತೆಲ್ಲ ಸೊಸೆ."

ಬೆನೆಡಿಕ್ಟಾ ತನ್ನ ಅಂಗೈಯನ್ನು ವಾರಿಜಾಳ ಎದೆಯ ಎದುರು ಅಡ್ಡವಾಗಿ ಹಿಡಿದಳು. "ನೋಡಿ ವಾರಿಜಕ್ಕ, ಇಷ್ಟೊಂದು ಕೆಲಸ ಮಾಡಿದ್ರಿ. ಒಂದು ಸಲವಾದ್ರೂ ನಿಮ್ಮ ಬಲಗೈ ಈ ಗೆರೆ ದಾಟಿತಾ? ಕೆಲಸ ತನಗೆ ಬೇಕಾದಷ್ಟೇ ಕೈಯನ್ನು ಕರ್ಕೊಂಡು ಹೋಗ್ತದೆ. ಕೈಗೆ ಬೇಕಾದಲ್ಲಿಗೆ ಹೋಗ್ಬೇಕಾದ್ರೆ ನೀವೇ ಕರ್ಕೊಂಡು ಹೋಗ್ಬೇಕು."

ಅವಳು ಕಲಿಸಿದ್ದು ಮೂರೇ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಕಾಲಿನಂತೆ ನಡೆಸುತ್ತಾ ಕೈಯನ್ನು ಮೇಲೆ ಹತ್ತಿಸುವುದು. ಸೊಂಟ ಬಗ್ಗಿಸಿ, ನೀರಿನ ಚೆಂಬು ಹಿಡಿದ ಕೈಯನ್ನು ತೊಟ್ಟಿಲ ಹಾಗೆ ತೂಗುವುದು. ಬಾವಿಯ ರಾಟೆಗೆ ಹಗ್ಗ ಹಾಕಿ ಎರಡೂ ತುದಿ ಹಿಡಿದು, ಎಡಗೈ ಕೆಳಗೆ ಎಳೆದ ಹಾಗೆ ಬಲಗೈಯನ್ನು ಮೇಲೆ ಕಳಿಸುವುದು. "ಹತ್ತು ನಿಮಿಷ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನೋವಾದಲ್ಲಿ ನಿಲ್ಲಿ, ಒಂದು ಉಸಿರು ಬಿಡಿ, ಮತ್ತೆ ಒಂದೇ ಬೆರಳು ಮೇಲೆ. ಒಂದು ದಿನವೂ ತಪ್ಪಬಾರದು, ಒಂದು ದಿನವೂ ಹೆಚ್ಚಾಗಬಾರದು."

"ಬುಟ್ಟಿ ಎತ್ತಲಿಕ್ಕೆ ಆದೀತಾ ಬಾಯಮ್ಮ?"

"ಯಾವಾಗ ಎತ್ತಬೇಕು?"

"ನೂಲ ಹುಣ್ಣಿಮೆ ಕಳೆದು ದೋಣಿ ಮತ್ತೆ ಕಡಲಿಗೆ ಇಳಿಯುವಾಗ."

ಬೆನೆಡಿಕ್ಟಾ ಗೋಡೆಯ ಕ್ಯಾಲೆಂಡರು ನೋಡಿದಳು. ಎರಡು ತಿಂಗಳಿತ್ತು. "ನೀವು ತಪ್ಪದಿದ್ದರೆ ಆದೀತು," ಎಂದಳು.

ಮನೆಗೆ ಬರುವ ಬಸ್ಸಿನಲ್ಲಿ ವಾರಿಜಾ ಮನಸ್ಸಿನಲ್ಲೇ ಮತ್ತೊಮ್ಮೆ ಗುಡಿಸಿದಳು, ಸಾರಿಸಿದಳು, ಒಲೆ ಊದಿದಳು. ಎಲ್ಲವೂ ನೆಲದ ಕಡೆಗೆ. ಮನೆಯೊಳಗೆ ಹೆಂಗಸು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಅವಳನ್ನು ಬಗ್ಗಿಸಿಯೇ ಇಡುವಂಥದ್ದು ಎಂದು ಅವಳಿಗೆ ಅಂದು ಮೊದಲ ಸಲ ಕಂಡಿತು. ಅವಳು ನೆಟ್ಟಗೆ ನಿಂತು ಎರಡೂ ಕೈ ಮೇಲೆತ್ತುತ್ತಿದ್ದುದು ಒಂದೇ ಕೆಲಸಕ್ಕೆ, ಬುಟ್ಟಿಗೆ.

ಮರುದಿನ ಬೆಳಿಗ್ಗೆ ಅಡಿಗೆಕೋಣೆಯ ಗೋಡೆಗೆ ಬೆರಳು ಹಚ್ಚಿದಳು. ಎದೆಯ ತನಕ ಹೋಯಿತು. ಮುಂದಿನ ಬೆರಳಿಗೆ ಭುಜದಲ್ಲಿ ಕೆಂಡ ಇಟ್ಟಂತಾಯಿತು. ಎಲೆಗೆ ಹಚ್ಚಲು ತೆಗೆದಿದ್ದ ಸುಣ್ಣವನ್ನು ಎಡಗೈ ಬೆರಳಿಂದ ಮುಟ್ಟಿ, ಬಲಗೈ ತಲುಪಿದಲ್ಲಿ ಒಂದು ಬೊಟ್ಟಿಟ್ಟಳು. ಅದು ಮೊದಲನೆಯದು.

ಅಷ್ಟರಲ್ಲಿ ಹಜಾರದಿಂದ ಲೀಲಾಧರನ ದನಿ. "ಅಮ್ಮಾ, ಚಹಾ ಉಂಟಾ?"

ಮಳೆಗಾಲದ ಆ ಎರಡು ಮೂರು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಗಳು ತೆಂಗಿನ ಮಡಲು ಹೊದ್ದು ಮರಳಿನಲ್ಲಿ ಮಲಗುತ್ತವೆ, ಗಂಡಸರು ಹಜಾರದಲ್ಲಿ ಬಲೆ ಹರಡಿಕೊಂಡು ತೂತು ಹೆಣೆಯುತ್ತಾರೆ, ಹೊಗೆ ಬಿಡುತ್ತಾರೆ, ಇಸ್ಪೀಟು ಆಡುತ್ತಾರೆ. ಒಲೆಗೆ ಮಾತ್ರ ಮಳೆಗಾಲದ ರಜೆ ಇಲ್ಲ. ಚಹಾ ಕೊಟ್ಟು ಬಂದು ಮತ್ತೆ ಗೋಡೆಗೆ ಕೈ ಹಚ್ಚಿದರೆ ಮಗು ಅತ್ತಿತು. ಮಗುವನ್ನು ಸಮಾಧಾನ ಮಾಡಿ ಬಂದರೆ ಸೌದೆ ಒದ್ದೆ, ಒಲೆ ನಂದಿತ್ತು. ಸಂಜೆ ಬಾವಿಯ ಹತ್ತಿರ ಹಗ್ಗ ಹಿಡಿದರೆ ಆಚೆಮನೆಯವರು ಬೇಲಿಯ ಮೇಲಿಂದ ಕೇಳಿದರು, "ಎಂತ ವಾರಿಜಾ, ಕೊಡಪಾನ ಇಲ್ಲದೆ ಬಾವಿಯಿಂದ ಗಾಳಿ ಸೇದುತ್ತಿಯಾ?"

ಅವಳಿಗೆ ವಿಚಿತ್ರ ಅನಿಸಿದ್ದು ಒಂದು. ಮೂರು ಗಂಟೆ ಹೊತ್ತು ಪಾತ್ರೆ ತಿಕ್ಕಿದರೂ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಗೋಡೆಗೆ ಕೈ ಇಟ್ಟು ನಿಂತ ಕೂಡಲೇ ಎಲ್ಲರಿಗೂ ಅವಳಿಂದ ಏನಾದರೊಂದು ಬೇಕಾಗುತ್ತಿತ್ತು. ಕೈಯಲ್ಲಿ ಕೆಲಸ ಕಾಣದ ಹೆಂಗಸು ಬಿಡುವಾಗಿದ್ದಾಳೆ ಎಂದೇ ಮನೆಯ ಕಣ್ಣಿಗೆ. ಮೊದಲ ವಾರ ಏಳು ದಿನದಲ್ಲಿ ಮೂರು ದಿನ ಮಾತ್ರ ಹತ್ತು ನಿಮಿಷ ಸಿಕ್ಕಿತು. ಗೋಡೆಯಲ್ಲಿ ಬೊಟ್ಟು ಎರಡೇ.

ಆ ವಾರದ ಕೊನೆಗೆ ಮುತ್ತಕ್ಕ ಬಂದಳು. ಅವಳೂ ಮೀನಿನವಳೇ, ವಾರಿಜಾಳಿಗಿಂತ ಹತ್ತು ವರ್ಷ ದೊಡ್ಡವಳು. ಅದೇ ಬಸ್ಸು, ಮಂಚಕಲ್ಲಿನಲ್ಲಿ ಇಳಿಯುತ್ತಿದ್ದವಳು. ಎಲೆ ಬಾಯಿಗೆ ಹಾಕಿಕೊಂಡು, ಕೈ ಹೇಗುಂಟು ಎಂದು ಕೇಳಿ, ಗೋಡೆಯನ್ನೂ ಎರಡು ಬೊಟ್ಟನ್ನೂ ನೋಡಿ ಹೇಳಿದಳು. "ವಾರಿಜಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಬೆಳ್ಮಣ್ಣಿನ ಮನೆಗಳನ್ನು ನಾನು ನೋಡಿಕೊಳ್ತೇನೆ. ನನ್ನ ಮಗಳು ಜೊತೆಗೆ ಬರ್ತಾಳೆ. ಮನೆಗಳು ಸುಮ್ನೆ ಬೇರೆ ಊರಿನವರ ಕೈಗೆ ಹೋಗುವುದು ಬೇಡ."

"ನೂಲ ಹುಣ್ಣಿಮೆಗೆ ನಾನು ಬರ್ತೇನೆ ಮುತ್ತಕ್ಕ."

"ಬಂದ್ರೆ ಸಂತೋಷ. ಮೊದಲ ಮೀನಿನ ದಿನ ನೀನು ಬುಟ್ಟಿ ಎತ್ತಿ ತಿರುಗಿದ್ರೆ ಮನೆಗಳು ನಿನ್ನವೇ. ಇಲ್ಲದಿದ್ರೆ ಮರುದಿನದಿಂದ ನಮ್ಮವು. ಆಮೇಲೆ ಜಗಳ ಬೇಡ."

ಹಜಾರದಿಂದ ಲೀಲಾಧರ ಅಂದ, "ಒಳ್ಳೆಯದಾಯ್ತು ಮುತ್ತಕ್ಕ. ಎಷ್ಟು ವರ್ಷ ಹೊರುವುದು? ಅಮ್ಮ ಮನೆಯಲ್ಲಿದ್ರೆ ಮಗುವಿಗೂ ಆಯ್ತು, ಅಮ್ಮಣ್ಣಿಗೂ ಆಯ್ತು."

ಅವನ ಮಾತಿನಲ್ಲಿ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ವಾರಿಜಾ ಬೇರೆ ಲೆಕ್ಕ ಹಾಕಿದಳು. ಹೊರಗೆ ಅವಳು ಇಪ್ಪತ್ತೆರಡು ಮನೆಯ ವಾರಿಜಕ್ಕ. ಒಳಗೆ ಉಳಿದರೆ, ಕೈ ಖಾಲಿ ಕಂಡಾಗಲೆಲ್ಲ ಕರೆಯಲು ಒಬ್ಬಳು.

ಆ ದಿನ ಅವಳು ಒಂದು ಉಪಾಯ ಕಂಡುಕೊಂಡಳು. ಹತ್ತು ನಿಮಿಷ ಎಂದು ಕೇಳಿದರೆ ಮನೆಯಲ್ಲಿ ಯಾರೂ ಕೊಡರು. ಆದರೆ ಕುಚ್ಚಲಕ್ಕಿಯ ಗಂಜಿ ಇಟ್ಟರೆ ಅದು ಕುದಿ ಬರುವ ತನಕ ಒಲೆಯ ಬಳಿ ಒಬ್ಬಳು ನಿಲ್ಲಲೇಬೇಕು, ಉಕ್ಕಿದರೆ ಎಲ್ಲರಿಗೂ ನಷ್ಟ. ಬೆಳಿಗ್ಗೆ ಗಂಜಿಗೆ ಉರಿ ಹಾಕಿ ಗೋಡೆಗೆ ತಿರುಗಿದಳು. ಮಧ್ಯಾಹ್ನ ಕೊಡಪಾನ ತೊಳೆಯುವ ಮೊದಲು ರಾಟೆಯ ಹಗ್ಗ. ಸಂಜೆ ಚಹಾದ ನೀರು ಕುದಿಯುವ ತನಕ ಚೆಂಬು ತೂಗುವುದು. ಯಾರು ಕರೆದರೂ ಒಂದೇ ಉತ್ತರ. "ಗಂಜಿ ಉಕ್ಕುತ್ತದೆ, ಈಗ ಬರ್ಲಿಕ್ಕಾಗುವುದಿಲ್ಲ." ಗಂಜಿಯ ಹೆಸರು ಹೇಳಿದರೆ ಯಾರೂ ಎದುರು ಹೇಳಲಿಲ್ಲ. ಎರಡನೆಯ ವಾರ ಬೊಟ್ಟುಗಳು ಆರಾದವು. ಮೂರನೆಯ ವಾರ ಕೈ ಗಲ್ಲದ ಎತ್ತರಕ್ಕೆ ಬಂತು.

ಆಗ ಅವಳು ಅಮ್ಮಣ್ಣಿಯನ್ನು ನೋಡಿದಳು. ನೋಡುತ್ತಲೇ ಇದ್ದಳು, ಆದರೆ ಕಂಡದ್ದು ಅಂದು. ಅತ್ತೆ ಗೋಡೆಯ ಕಡೆ ತಿರುಗಿದ ಹೊತ್ತಿಗೆ ಅಮ್ಮಣ್ಣಿ ಸೊಂಟದಲ್ಲಿ ಮಗು, ಕೈಯಲ್ಲಿ ಕೊಡಪಾನ ಹಿಡಿದು, ಮಳೆಯಲ್ಲಿ ಬಾವಿಕಟ್ಟೆಯಿಂದ ಬರುತ್ತಿದ್ದಳು. ಹೊಸ್ತಿಲು ದಾಟುವಾಗ ಒಂದು ಕ್ಷಣ ನಿಂತು ಬೆನ್ನು ಹಿಡಿದುಕೊಂಡಳು. ತನ್ನ ಹತ್ತು ನಿಮಿಷ ಎಲ್ಲಿಂದ ಬರುತ್ತಿದೆ ಎಂದು ವಾರಿಜಾಳಿಗೆ ತಿಳಿಯಿತು.

"ಅಮ್ಮಣ್ಣಿ, ಮಗುವನ್ನು ಇಲ್ಲಿ ಕೊಡು."

"ನಿಮ್ಮದು ಮುಗಿಯಲಿ ಅತ್ತೆ. ನನಗೆ ಎಂತದೂ ಆಗುವುದಿಲ್ಲ."

"ಕೊಡು ಅಂದೆ."

ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡು ವಾರಿಜಾ ಹಜಾರಕ್ಕೆ ಹೋಗಿ ಲೀಲಾಧರನ ಮಡಿಲಿನಲ್ಲಿ, ಬಲೆಯ ಮೇಲೆ ಕೂರಿಸಿದಳು.

"ಎಂತ ಅಮ್ಮ ಇದು? ಬಲೆ ಹೆಣೆಯುವುದು ಕಾಣುವುದಿಲ್ವಾ?"

"ಕಾಣ್ತದೆ. ನಿನ್ನನ್ನು ಸೊಂಟದಲ್ಲಿಟ್ಟುಕೊಂಡು ನಾನು ಮೀನು ಮಾರಿದ್ದೇನೆ. ಮಗಳನ್ನು ಮಡಿಲಲ್ಲಿಟ್ಟುಕೊಂಡು ಬಲೆ ಹೆಣೆಯಲಿಕ್ಕೆ ನಿನಗೆ ಆಗುವುದಿಲ್ವಾ?"

"ಅದು ಒದ್ದೆ ಮಾಡ್ತದೆ."

"ಕಡಲಿಗೆ ಹೋಗುವ ಬಲೆ. ಒದ್ದೆಯಾದ್ರೆ ಎಂತ?"

ಬಾಗಿಲ ಹಿಂದೆ ಅಮ್ಮಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಕೇಳಿಸಿತು. ಲೀಲಾಧರ ಮುಖ ಗಂಟಿಕ್ಕಿದ. ಆದರೆ ಮಗು ಅಪ್ಪನ ಬೆರಳಿನ ನೂಲುಂಡೆಯನ್ನು ಹಿಡಿದು ಎಳೆದಾಗ ಅವನಿಗೂ ನಗು ಬಂತು. ಅಂದಿನಿಂದ ದಿನಕ್ಕೆ ಮೂರು ಸಲ ಮಗು ಅಪ್ಪನ ಬಳಿ. ದೋಣಿಯ ಜೊತೆಗಾರರು ಬಂದು, "ಲೀಲಾಧರ, ಬಲೆ ಹೆಣೆಯುತ್ತಿದ್ದಿಯೋ, ತೊಟ್ಟಿಲು ಕಟ್ಟುತ್ತಿದ್ದಿಯೋ?" ಎಂದು ಹಾಸ್ಯ ಮಾಡಿದರು. ಅವನು, "ಎರಡೂ. ನಿಮ್ಮಿಂದ ಒಂದಾದರೂ ಆಗ್ತದಾ?" ಎಂದ. ಒಳಗಿನಿಂದ ಕೇಳಿದ ವಾರಿಜಾ ಆ ದಿನ ಒಂದು ಬೆರಳು ಹೆಚ್ಚೇ ಹತ್ತಿದಳು.

ಅಮ್ಮಣ್ಣಿಗೂ ಆ ಹತ್ತು ನಿಮಿಷ ಉಳಿಯಿತು. ಅವಳು ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಂತು, ಎರಡೂ ಕೈ ಮೇಲೆತ್ತಿ, ಅತ್ತೆಯ ಜೊತೆ ಉಸಿರು ಎಳೆದು ಬಿಡುತ್ತಿದ್ದಳು. ಬಟ್ಟೆ ಒಣಗಿಸುವ ಹಗ್ಗವನ್ನು ಅತ್ತೆಗೆ ತಲುಪುವಂತೆ ಜಗಲಿಯ ಕಂಬದಲ್ಲಿ ಕೆಳಗೆ ಕಟ್ಟಿದವಳೂ ಅವಳೇ. ವಾರಕ್ಕೊಮ್ಮೆ ಯಾರಿಗೂ ಹೇಳದೆ ನಾಲ್ಕು ಬೆರಳು ಮೇಲೆ ಏರಿಸುತ್ತಿದ್ದಳು. ಒಂದು ದಿನ ಲೀಲಾಧರ, ಈ ಹಗ್ಗ ದಿನಾ ಯಾಕೆ ನನ್ನ ಕುತ್ತಿಗೆಗೆ ಬೇರೆ ಬೇರೆ ಕಡೆ ಸಿಕ್ಕುತ್ತದೆ ಎಂದು ಗೊಣಗಿದ.

ಜುಲೈ ಕೊನೆಗೆ ಬೊಟ್ಟುಗಳು ಇಪ್ಪತ್ತಮೂರು. ಕೈ ಹಣೆಯ ಎತ್ತರ. ಇನ್ನು ಉಳಿದದ್ದು ಮೂರೇ ವಾರ ಎಂದು ವಾರಿಜಾಳಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬುಟ್ಟಿಗೆ ಹಸಿ ಮರಳು ತುಂಬಿ, ತೊಡೆಗೆ ತಂದು, ಎತ್ತಿದಳು. ಬುಟ್ಟಿ ಕಿವಿಯ ತನಕ ಬಂತು. ಅಲ್ಲಿಂದ ಬಲಗೈ ಕೈಬಿಟ್ಟಿತು. ಮರಳು ಮೈಮೇಲೆ ಸುರಿದು ಅವಳು ಅಂಗಳದಲ್ಲಿ ಕುಳಿತಳು. ಬೆಳಗಾಗುವಾಗ ಭುಜ ಬನ್ನಿನ ಹಾಗೆ ಊದಿತ್ತು. ಮತ್ತೆ ಮಣಿಪಾಲಕ್ಕೆ ಹೋದಳು.

"ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷ," ಎಂದಳು ಬೆನೆಡಿಕ್ಟಾ. ಗದರಿಸುವ ದನಿಯಲ್ಲ, ಅದಕ್ಕಿಂತ ಕಠಿಣವಾದ ತಣ್ಣನೆಯ ದನಿ. "ಒಂದೇ ದಿನದಲ್ಲಿ ಮೂರು ವಾರ ಮಾಡಲಿಕ್ಕೆ ಹೊರಟ್ರಿ. ಈಗ ನಾಲ್ಕು ದಿನ ಬಿಸಿ ನೀರಿನ ಶಾಖ, ಚೆಂಬು ತೂಗುವುದು ಮಾತ್ರ. ಮತ್ತೆ ಗೋಡೆ, ಎಲ್ಲಿಗೆ ಬರ್ತದೋ ಅಲ್ಲಿಂದ."

"ಹುಣ್ಣಿಮೆ ಹತ್ತಿರ ಬಂತು ಬಾಯಮ್ಮ. ನನಗೆ ಹೆದರಿಕೆ ಆಯ್ತು."

ಬೆನೆಡಿಕ್ಟಾ ಊದಿದ ಭುಜಕ್ಕೆ ಬಿಸಿ ನೀರಿನ ಬಟ್ಟೆ ಇಟ್ಟಳು. ಮತ್ತೆ ಕೇಳಿದಳು, "ಮೊದಲ ದಿನ ಬುಟ್ಟಿ ತುಂಬಲೇಬೇಕು ಅಂತ ಉಂಟಾ?"

ಬುಟ್ಟಿ ಎತ್ತಿ ತಿರುಗಬೇಕು ಎಂದಿದ್ದಳು ಮುತ್ತಕ್ಕ. ಎಷ್ಟು ತುಂಬಿದ ಬುಟ್ಟಿ ಎಂದು ಹೇಳಿರಲಿಲ್ಲ.

ಐದನೆಯ ದಿನ ಗೋಡೆಯಲ್ಲಿ ಬೆರಳುಗಳು ಕಣ್ಣಿನ ಎತ್ತರಕ್ಕೇ ನಿಂತವು. ಅವಳು ಆ ಸೋಲಿಗೂ ಒಂದು ಬೊಟ್ಟಿಟ್ಟಳು. ಸಾಲು ತಪ್ಪಿ ಇಳಿದದ್ದು ಅಲ್ಲೇ. ಮತ್ತೆ ಒಂದು ಬೆರಳು, ಒಂದು ಉಸಿರು. ಗಂಜಿ ಕುದಿ ಬಂದರೆ ಸಾಕು, ಇನ್ನೊಂದು ಹತ್ತಬಹುದಿತ್ತು ಅನಿಸಿದರೂ ಕೈ ಇಳಿಸಿಬಿಡುತ್ತಿದ್ದಳು. ಹೆಚ್ಚು ದುಡಿಯುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಸಾಕು ಎಂದು ನಿಲ್ಲಿಸುವುದನ್ನು ಆ ಮಳೆಗಾಲದಲ್ಲಿ ಕಲಿತಳು.

ನೂಲ ಹುಣ್ಣಿಮೆಯ ದಿನ ಊರಿನ ಗಂಡಸರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟು ಕೈಮುಗಿದರು. ಆ ಬೆಳಿಗ್ಗೆ ವಾರಿಜಾ ತನ್ನ ತುರುಬನ್ನು ತಾನೇ ಕಟ್ಟಿಕೊಂಡಳು. ಬಾಚಣಿಗೆ ಹಿಡಿದು ಬಂದ ಅಮ್ಮಣ್ಣಿ ಬಾಗಿಲಲ್ಲೇ ನಿಂತು ನೋಡಿ, ತಿರುಗಿ ಹೋಗಿ, ಬೇಲಿಯ ಅಬ್ಬಲಿಗೆ ಹೂ ಕೊಯ್ದು ತಂದು ಅತ್ತೆಯ ಕೈಗೆ ಕೊಟ್ಟಳು. ಮುಡಿಸಲಿಲ್ಲ. ವಾರಿಜಾ ತಾನೇ ಮುಡಿದಳು.

ನಾಲ್ಕು ದಿನ ಬಿಟ್ಟು ಮೊದಲ ಮೀನು ಬಂತು. ಬೂತಾಯಿ, ಸ್ವಲ್ಪ ಬಂಗುಡೆ. ಕಡಲ ಕರೆಯಲ್ಲಿ ಗಲಾಟೆಯೋ ಗಲಾಟೆ. ವಾರಿಜಾ ಬುಟ್ಟಿಯ ಅರ್ಧಕ್ಕೆ ಮೀನು ಹಾಕಿಸಿ ಸಾಕು ಎಂದಳು.

"ಅರ್ಧ ಬುಟ್ಟಿಯಾ?" ಎಂದಳು ಮುತ್ತಕ್ಕ.

"ಅರ್ಧ ಬುಟ್ಟಿ. ಮನೆ ಇಪ್ಪತ್ತೆರಡು."

ಕಂಡಕ್ಟರ್ ತಾರಾನಾಥ ಏಣಿಯ ಮೇಲೆ ನಿಂತು ಬುಟ್ಟಿಗಳನ್ನು ಬಸ್ಸಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. "ಬಂದ್ರಾ ವಾರಿಜಕ್ಕ? ಮೂರು ತಿಂಗಳಲ್ಲಿ ನನ್ನ ಬಸ್ಸಿಗೆ ಮಲ್ಲಿಗೆಯ ಪರಿಮಳ ಬಂದಿತ್ತು. ಎಲ್ಲ ಹಾಳಾಯ್ತು."

"ಮೀನಿನ ಬದಲು ಮಲ್ಲಿಗೆ ಹಾಕಿ ಗಸಿ ಮಾಡ್ಲಿಕ್ಕೆ ನಿನ್ನ ಹೆಂಡತಿಗೆ ಹೇಳು ಮಾರಾಯ," ಎಂದಳು ವಾರಿಜಾ. ಬಸ್ಸೆಲ್ಲ ನಕ್ಕಿತು.

ಬೆಳ್ಮಣ್ಣಿನಲ್ಲಿ ಇಳಿದಾಗ ತಾರಾನಾಥನೇ ಬುಟ್ಟಿ ತಲೆಗೆ ಇಟ್ಟುಕೊಟ್ಟ. ಮೊದಲ ಮನೆ ಒಲಿಂಡಾ ಬಾಯಿಯದು. ಅರವತ್ತು ದಾಟಿದ ಹೆಂಗಸು, ಹಗಲು ಹೊತ್ತು ಮನೆಯಲ್ಲಿ ಒಬ್ಬರೇ. ವಾರಿಜಾ ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಬಂಗುಡೆಯ ಕಿವಿರು ಎತ್ತಿ ತೋರಿಸಿದಳು. ಒಲಿಂಡಾ ಬಾಯಿ ಮೀನು ಆರಿಸಿದರು, ಬಿದ್ದ ಕಥೆ ಕೇಳಿದರು, ಕೈ ಮುಟ್ಟಿ ನೋಡಿದರು. ಬುಟ್ಟಿ ಎತ್ತುವ ಹೊತ್ತಾದಾಗ ಅವರು ನೋಯುವ ಮೊಣಕಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಇಳಿಯದವರು.

"ಇವತ್ತು ನಾನು ಹಿಡಿಯುತ್ತೇನೆ ವಾರಿಜಾ."

"ಬೇಡ ಬಾಯಿ. ನಿಮ್ಮದು ಮಿಂದಾಗಿರಬೇಕು."

"ಆಗಿದೆ. ಇನ್ನೊಮ್ಮೆ ಮೀಯುತ್ತೇನೆ, ನೀರಿಗೆ ಬರವಾ?"

"ನೀವು ಬಂದದ್ದೇ ನನಗೆ ದೊಡ್ಡದು. ಆದರೆ ಇದು ನನ್ನಿಂದಲೇ ಆಗಬೇಕು. ಸ್ವಲ್ಪ ಆಚೆ ನಿಲ್ಲಿ."

ವಾರಿಜಾ ಕುಕ್ಕರುಗಾಲಲ್ಲಿ ಕುಳಿತಳು. ಬುಟ್ಟಿಯನ್ನು ತೊಡೆಗೆ ತಂದಳು. ಒಂದು ಉಸಿರು ಬಿಟ್ಟಳು. ಎಡಗೈ ಅಂಚಿನಲ್ಲಿ, ಬಲಗೈ ಅಡಿಯಲ್ಲಿ. ಎದ್ದಳು. ಬುಟ್ಟಿ ಎದೆ ದಾಟಿತು, ಗಲ್ಲ ದಾಟಿತು. ಕಿವಿಯ ಹತ್ತಿರ, ಮರಳು ಸುರಿದಿದ್ದ ಅದೇ ಜಾಗದಲ್ಲಿ, ಭುಜ ಚುರ್ರೆಂದಿತು. ಒಂದೇ ಬೆರಳು, ಎಂದುಕೊಂಡಳು. ಬುಟ್ಟಿ ಸಿಂಬಿಯ ಮೇಲೆ ಕುಳಿತಿತು.

ಅವಳು ಎರಡೂ ಕೈ ಬಿಟ್ಟಳು. ಬುಟ್ಟಿ ಅಲುಗಲಿಲ್ಲ.

ಒಲಿಂಡಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, "ನನ್ನ ಈ ಮೊಣಕಾಲಿಗೂ ಎಂತಾದ್ರೂ ಉಂಟಾ ಕೇಳು ಮಾರಾಯ್ತಿ ನಿನ್ನ ಮಣಿಪಾಲದವರಲ್ಲಿ," ಎಂದರು.

"ಕೇಳ್ತೇನೆ. ಆದರೆ ದಿನಾ ಮಾಡಬೇಕಾಗ್ತದೆ ಬಾಯಿ. ಗಂಜಿ ಒಲೆಯ ಮೇಲಿಟ್ಟು 'ಈಗ ಕರೆಯಬೇಡಿ' ಅಂತ ಹೇಳಲಿಕ್ಕೆ ಮೊದಲು ಕಲಿಯಿರಿ," ಎಂದು ವಾರಿಜಾ ಬೇಲಿಯ ದಣಪೆ ದಾಟಿದಳು.

ಮೀನು ಹನ್ನೆರಡನೆಯ ಮನೆಯಲ್ಲೇ ಮುಗಿಯಿತು. ಆದರೂ ಅವಳು ಉಳಿದ ಹತ್ತು ಮನೆಗೆ ಹೋದಳು. ಪ್ರತಿ ಅಂಗಳದಲ್ಲಿ ಖಾಲಿ ಬುಟ್ಟಿ ಇಳಿಸಿ, "ನಾಳೆ ಬಂಗುಡೆ ತರ್ತೇನೆ," ಎಂದು ಹೇಳಿ, ಮತ್ತೆ ಎತ್ತಿ ತಲೆಯ ಮೇಲಿಟ್ಟು ಹೊರಟಳು.

ಮಧ್ಯಾಹ್ನದ ಬಸ್ಸು ಕಾರ್ಕಳದಿಂದಲೇ ತುಂಬಿ ಬಂದಿತ್ತು. ವಾರಿಜಾಳಿಗೆ ಕೂರಲು ಜಾಗ ಸಿಗಲಿಲ್ಲ. ಮಂಚಕಲ್ಲಿನಲ್ಲಿ ಮುತ್ತಕ್ಕ ಹತ್ತಿದಳು. ಯಾರೋ ಇಳಿದ ಸೀಟು ಹಿಡಿದು ಕುಳಿತು, ಬೆವರು ಒರೆಸಿಕೊಂಡು, ಬುಟ್ಟಿ ಎತ್ತಲಿಕ್ಕೆ ಆಯಿತಾ ಎಂದು ಕೇಳಲು ತಲೆ ಎತ್ತಿದಳು.

ವಾರಿಜಾ ಎದುರಿಗೇ ನಿಂತಿದ್ದಳು. ಅವಳ ಬಲಗೈ ನೆಟ್ಟಗೆ ಮೇಲೆ ಹೋಗಿ ತಲೆಯ ಮೇಲಿನ, ಬಸ್ಸಿನ ಮಾಡಿನ ಕಬ್ಬಿಣದ ಸರಳನ್ನು ಹಿಡಿದಿತ್ತು.

ಮುತ್ತಕ್ಕ ಆ ಕೈಯನ್ನು ಬುಡದಿಂದ ತುದಿಯ ತನಕ ನೋಡಿದಳು. ಸ್ವಲ್ಪ ಒತ್ತಿ ಕುಳಿತು, ಪಕ್ಕದಲ್ಲಿ ಜಾಗ ಮಾಡಿ, "ಬಾ, ಕೂತ್ಕೋ. ದಣಿದಿದ್ದಿ," ಎಂದಳು.

"ನೀವು ಕೂತ್ಕೊಳ್ಳಿ ಮುತ್ತಕ್ಕ," ಎಂದಳು ವಾರಿಜಾ. "ನಾನು ಹೀಗೇ ನಿಲ್ತೇನೆ."

ಶಿರ್ವದಲ್ಲಿ ಎರಡು ಸೀಟು ಖಾಲಿಯಾದವು. ಅವಳು ಕಾಪುವಿನ ತನಕ ನಿಂತೇ ಬಂದಳು.